ಕಪಿಲೆಯ ಚೀಲ, ಬ್ರಾಂಕೂಸಿಯ ಹಕ್ಕಿ

ಹೋದ ವರ್ಷ ಹೆಂಡತಿಯ ಹುಟ್ಟುಹಬ್ಬಕ್ಕೆ ಒಂದು ಒಳ್ಳೆ ಬ್ಯಾಗ್ ಕೊಡಿಸೋಣ ಅಂತ ಬೆಂಗಳೂರಿನಲ್ಲಿ ನಡೆದ ಕರಕುಶಲ ಮೇಳವೊಂದಕ್ಕೆ ಹೋಗಿದ್ದೆವು. ಒಂದು ಮಳಿಗೆಯಲ್ಲಿ ಬಿಳಿ ಪೀಠದ ಮೇಲೆ, ಮೇಲಿಂದ ಲೈಟು ಬಿಟ್ಟು, ಒಂದೇ ಒಂದು ಹ್ಯಾಂಡ್‌ಬ್ಯಾಗ್ ಇಟ್ಟಿದ್ದರು. ಕಂದು ಬಣ್ಣದ ದಪ್ಪ ಚರ್ಮ. ಆಕಾರ ಮೊಟ್ಟೆಯ ಥರ, ಆದರೆ ಒಂದು ಕಡೆಗೆ ವಾಲಿದ ಮೊಟ್ಟೆ. ಹೊಲಿಗೆ ಎಲ್ಲಿದೆ ಅಂತ ಹುಡುಕಬೇಕು. ಹಿಡಿಕೆ ಅಂತ ಬೇರೆ ಇಲ್ಲ, ಚೀಲದ ಮೈಯಲ್ಲೇ ಒಂದು ತೂತು, ಅದರೊಳಗೆ ಕೈ ತೂರಿಸಿ ಹಿಡಿಯಬೇಕು. ಪಕ್ಕದ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು: ಮಾಡರ್ನಿಸ್ಟ್ ಶಿಲ್ಪದಿಂದ ಪ್ರೇರಿತ, ಪೂರ್ತಿ ಕೈಕೆಲಸ, ವೆಜಿಟೇಬಲ್ ಟ್ಯಾನ್ಡ್ ಲೆದರ್. ಬೆಲೆ 28,000 ರೂಪಾಯಿ.

‘ಇದರಲ್ಲಿ ಲ್ಯಾಪ್‌ಟಾಪ್ ಹಿಡಿಯಲ್ಲ’ ಅಂದಳು ಹೆಂಡತಿ. ಅಲ್ಲಿಗೆ ಖರೀದಿಯ ಮಾತು ಮುಗಿಯಿತು. ಆದರೆ ನಾನು ಅಲ್ಲೇ ನಿಂತಿದ್ದೆ. ಯಾಕಂದ್ರೆ ಆ ಆಕಾರವನ್ನು ನಾನು ಮೊದಲೇ ನೋಡಿದ್ದೆ. ಮ್ಯೂಸಿಯಮ್ಮಿನಲ್ಲಲ್ಲ, ತುರುವನೂರಿನಲ್ಲಿ, ನಮ್ಮ ಮನೆಯ ಅಟ್ಟದ ಮೇಲೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಟ್ಟದಲ್ಲಿ ಹಳೇ ನೊಗ, ಕುಂಟೆ, ಮುರಿದ ತೊಟ್ಟಿಲುಗಳ ಹಿಂದೆ ಒಂದು ವಿಚಿತ್ರ ವಸ್ತು ಬಿದ್ದಿತ್ತು. ಮೊದಲ ಸಲ ನೋಡಿದಾಗ ಯಾವುದೋ ಪ್ರಾಣಿ ಕೂತಿದೆ ಅಂತ ಹೆದರಿ ಏಣಿಯಿಂದ ಬೀಳುವ ಹಾಗೆ ಇಳಿದಿದ್ದೆ. ಹೊಟ್ಟೆ ದೊಡ್ಡದು, ಬಾಯಿ ಅಗಲ, ಕೆಳಗೆ ಆನೆ ಸೊಂಡಿಲಿನಂಥ ಒಂದು ಬಾಲ. ಒಣಗಿ ಕಟ್ಟಿಗೆಯಾಗಿತ್ತು, ಆದರೆ ಆಕಾರ ಒಂಚೂರೂ ಕುಗ್ಗಿರಲಿಲ್ಲ. ‘ಅದು ಕಪಿಲೆ ಚೀಲ ಕಣೋ, ಕಚ್ಚಲ್ಲ’ ಅಂತ ಅಜ್ಜ ನಕ್ಕಿದ್ದ.

ಕಪಿಲೆ ಗೊತ್ತಿಲ್ಲದವರಿಗೆ ಎರಡು ಮಾತು. ಪಂಪ್‌ಸೆಟ್ ಬರುವ ಮುಂಚೆ ನಮ್ಮ ಕಡೆ ಬಾವಿಯಿಂದ ಹೊಲಕ್ಕೆ ನೀರು ಎತ್ತುತ್ತಿದ್ದದ್ದು ಹೀಗೆ. ಬಾವಿಯ ಅಂಚಿಗೆ ಮರದ ಕಂಬ, ಗಾಲಿ. ಬಾವಿಯಿಂದ ಆಚೆಗೆ ಇಳಿಜಾರು. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಮಿಣಿ ಎಳೆದು ತುಂಬಿದ ಚೀಲ ಮೇಲೆ ಬರುತ್ತದೆ. ಆಮೇಲೆ ಎತ್ತು ಹಿಂದಕ್ಕೆ ಹೆಜ್ಜೆ ಹಾಕುತ್ತಾ ಮೇಲೇರಬೇಕು, ಚೀಲ ಮತ್ತೆ ನೀರಿಗಿಳಿಯುತ್ತದೆ. ಒಂದು ಸಲಕ್ಕೆ ನೂರು ಲೀಟರಿಗೂ ಮೇಲೆ. ಜಾಣತನ ಇದ್ದದ್ದು ಆ ಸೊಂಡಿಲಿನಲ್ಲಿ. ಚೀಲ ಬಾವಿಯೊಳಗಿಂದ ಏಳುವಾಗ ಇನ್ನೊಂದು ತೆಳು ಹಗ್ಗ ಸೊಂಡಿಲನ್ನು ಮೇಲಕ್ಕೆ ಮಡಚಿ ಹಿಡಿದಿರುತ್ತದೆ, ನೀರು ಚೆಲ್ಲುವುದಿಲ್ಲ. ದಡಕ್ಕೆ ಬಂದ ಕೂಡಲೇ ಸೊಂಡಿಲು ತೊಟ್ಟಿಯ ಕಡೆ ಚಾಚಿಕೊಂಡು ತಾನೇ ನೀರು ಸುರಿಯುತ್ತದೆ. ವಾಲ್ವ್ ಇಲ್ಲ, ಚೀಲ ಬಗ್ಗಿಸಲು ಇನ್ನೊಬ್ಬ ಆಳೂ ಬೇಡ. ಎರಡು ಹಗ್ಗಗಳ ಉದ್ದದ ವ್ಯತ್ಯಾಸದಲ್ಲೇ ಇಡೀ ಲಾಜಿಕ್ ಇದೆ. ನಾನು ಕೋಡ್ ಬರೆದು ಹೊಟ್ಟೆ ಹೊರೆಯುವವನು, ಇಷ್ಟು ಕಡಿಮೆ ಸಾಲಿನಲ್ಲಿ ಇಷ್ಟು ಕೆಲಸ ಮಾಡುವ ಪ್ರೋಗ್ರಾಂ ಬರೆದಿಲ್ಲ.

ಈಗ ಮಾಡರ್ನಿಸ್ಟ್ ಶಿಲ್ಪಕ್ಕೆ ಬರೋಣ.

1926ರಲ್ಲಿ ಪ್ಯಾರಿಸಿನಿಂದ ನ್ಯೂಯಾರ್ಕಿಗೆ ಒಂದು ಹಡಗಿನಲ್ಲಿ ಶಿಲ್ಪಿ ಕಾನ್‌ಸ್ಟಾಂಟಿನ್ ಬ್ರಾಂಕೂಸಿಯ ಕೃತಿಗಳು ಬಂದವು. ಅದರಲ್ಲೊಂದು ‘ಬರ್ಡ್ ಇನ್ ಸ್ಪೇಸ್’. ಹೊಳಪು ಕೊಟ್ಟ ಕಂಚಿನ, ಎತ್ತರಕ್ಕೆ ಸಪೂರವಾಗಿ ಏರುವ ಒಂದು ಆಕಾರ. ರೆಕ್ಕೆ ಇಲ್ಲ, ಕೊಕ್ಕಿಲ್ಲ, ಪುಕ್ಕ ಇಲ್ಲ. ಅಮೆರಿಕದ ಕಸ್ಟಮ್ಸ್ ಅಧಿಕಾರಿಗಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಹಕ್ಕಿ ಅಲ್ಲ, ಕಲೆಯೂ ಅಲ್ಲ ಅಂತ ತೀರ್ಮಾನಿಸಿದರು. ಕಲಾಕೃತಿಗೆ ಸುಂಕ ಇರಲಿಲ್ಲ. ಇದನ್ನು ಅವರು ಸೇರಿಸಿದ್ದು ಅಡುಗೆಮನೆ ಪಾತ್ರೆ ಮತ್ತು ಆಸ್ಪತ್ರೆ ಸಾಮಾನುಗಳ ವರ್ಗಕ್ಕೆ, ಸುಂಕ ಶೇ. 40. ಕೇಸು ಕೋರ್ಟಿಗೆ ಹೋಯಿತು. ಹಕ್ಕಿಯ ಥರ ಕಾಣದಿದ್ದರೂ ಹಕ್ಕಿ ಅನ್ನಬಹುದೇ, ಒಬ್ಬ ಒಳ್ಳೆ ಮೆಕ್ಯಾನಿಕ್ ಕೂಡ ಇದನ್ನು ಪಾಲಿಶ್ ಮಾಡಬಹುದಲ್ಲವೇ ಅಂತೆಲ್ಲ ಸಾಕ್ಷಿಗಳನ್ನು ಕೇಳಿದರು. 1928ರ ನವೆಂಬರಿನಲ್ಲಿ ತೀರ್ಪು ಬಂತು, ಬ್ರಾಂಕೂಸಿ ಗೆದ್ದ. ಆಕಾರ ಯಾವುದನ್ನೂ ಹೋಲಬೇಕಿಲ್ಲ, ಅದೇ ಕಲೆಯಾಗಬಹುದು ಅಂತ ಒಂದು ದೇಶದ ನ್ಯಾಯಾಲಯ ಒಪ್ಪಿತು.

ಆದರೆ ಆ ಕಾನೂನಿನಲ್ಲಿ ಒಂದು ಷರತ್ತು ಇತ್ತು: ವಸ್ತು ಉಪಯೋಗಕ್ಕೆ ಬರುವಂಥದ್ದಾಗಿರಬಾರದು. ಉಪಯೋಗಕ್ಕೆ ಬಂದರೆ ಪಾತ್ರೆ, ಬರದಿದ್ದರೆ ಕಲೆ. ಈ ಗೆರೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಬ್ರಾಂಕೂಸಿ ಹುಟ್ಟಿದ್ದು 1876ರಲ್ಲಿ, ರೊಮೇನಿಯಾದ ಹೊಬಿಟ್ಸಾ ಅನ್ನುವ ಹಳ್ಳಿಯಲ್ಲಿ. ಚಿಕ್ಕಂದಿನಲ್ಲಿ ಕುರಿ ಕಾಯ್ದ ಹುಡುಗ, ಮರಗೆಲಸ ಕಲಿತವ. ನಮ್ಮ ಜಿಲ್ಲೆಯವರಿಗೆ ಇಷ್ಟು ಹೇಳಿದರೆ ಸಾಕು, ಆಸಾಮಿ ಹತ್ತಿರದವನು ಅನಿಸಿಬಿಡುತ್ತದೆ. 1938ರಲ್ಲಿ ಅವನು ತನ್ನ ನಾಡಿನಲ್ಲಿ ನಿಲ್ಲಿಸಿದ ಸುಮಾರು 30 ಮೀಟರ್ ಎತ್ತರದ ‘ಕೊನೆಯಿಲ್ಲದ ಕಂಬ’ ನೋಡಿದರೆ, ರೊಮೇನಿಯಾದ ಹಳ್ಳಿಮನೆಗಳ ಜಗುಲಿಯ ಕೆತ್ತನೆ ಕಂಬ ನೆನಪಾಗುತ್ತದೆ ಅಂತ ಬಲ್ಲವರು ಹೇಳುತ್ತಾರೆ. ಅದೇ ವರ್ಷದ ಶುರುವಿನಲ್ಲಿ ಅವನು ಇಂದೋರಿನಲ್ಲಿದ್ದ. ಅಲ್ಲಿನ ಮಹಾರಾಜ ಯಶವಂತರಾವ್ ಹೋಳ್ಕರ್ ಅವನ ಹಕ್ಕಿಗಳನ್ನು ಕೊಂಡಿದ್ದ, ಅವುಗಳಿಗೊಂದು ಗುಡಿ ಕಟ್ಟಿಸುವ ಯೋಚನೆಯಿತ್ತು. ಗುಡಿ ಆಗಲೇ ಇಲ್ಲ.

ಇನ್ನು ಆ ಬ್ಯಾಗಿನ ಮೈಯಲ್ಲಿದ್ದ ತೂತು. ಅದು ಇಂಗ್ಲೆಂಡಿನ ಬಾರ್ಬರಾ ಹೆಪ್‌ವರ್ತ್ ಮತ್ತು ಹೆನ್ರಿ ಮೂರ್ ಕಡೆಯದು. 1930ರ ದಶಕದ ಶುರುವಿನಲ್ಲಿ ಹೆಪ್‌ವರ್ತ್ ಕಲ್ಲಿನ ಶಿಲ್ಪದ ನಡುವೆ ಆರಪಾರ ತೂತು ಕೊರೆದಳು. ಅಲ್ಲಿಯವರೆಗೆ ಶಿಲ್ಪ ಅಂದರೆ ಗಟ್ಟಿ ಪದಾರ್ಥ, ಈಗ ಒಳಗಿನ ಖಾಲಿಯೂ ಆಕಾರದ ಭಾಗವಾಯಿತು. ಕಲಾ ಚರಿತ್ರೆಯಲ್ಲಿ ಇದು ದೊಡ್ಡ ಸುದ್ದಿ. ಸರಿಯೇ. ಆದರೆ ಖಾಲಿ ಜಾಗಕ್ಕೆ ಆಕಾರ ಕೊಡುವುದು ಚೀಲ ಹೊಲಿಯುವವನಿಗೆ ದಿನದ ಕೆಲಸ ಅಂತ ನನಗೆ ಅನಿಸುತ್ತದೆ.

ಇಲ್ಲಿ ಚರ್ಮದ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳಬೇಕು. ಹಸಿ ಚರ್ಮ ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಪ್ಪಳದಂತೆ ಸೆಡೆಯುತ್ತದೆ. ತೊಗಲುಗೊಂಬೆ ಮಾಡುವವರು ಅದನ್ನೇ ಬಳಸಿಕೊಂಡು, ಹದ ಮಾಡದೆ, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆಯುತ್ತಾರೆ. ಚೀಲಕ್ಕೆ, ಚಪ್ಪಲಿಗೆ ಅದು ಆಗದು, ಹದ ಮಾಡಲೇಬೇಕು. ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆದು, ಒಳಗಿನ ಮಾಂಸ ಹೆರೆದು, ಮರದ ಚಕ್ಕೆಯ ಒಗರು ನೀರಿನಲ್ಲಿ ವಾರಗಟ್ಟಲೆ ಇಡಬೇಕು. ಆ ಒಗರಿನಲ್ಲಿರುವ ಟ್ಯಾನಿನ್ ಚರ್ಮದ ಕೊಲ್ಯಾಜೆನ್ ಎಳೆಗಳಿಗೆ ಅಂಟಿಕೊಂಡು ಕೊಳೆಯದಂತೆ ತಡೆಯುತ್ತದೆ. ಬಯಲುಸೀಮೆಯಲ್ಲಿ ಆ ಚಕ್ಕೆ ಕೊಡುತ್ತಿದ್ದದ್ದು ತಂಗಡಿ. ಚಿತ್ರದುರ್ಗದಿಂದ ತುರುವನೂರಿಗೆ ಬರುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿ, ಯಾರೂ ನೀರು ಹಾಕದಿದ್ದರೂ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತದಲ್ಲ, ಅದೇ. ಮದರಾಸು ಪ್ರಾಂತ್ಯದಲ್ಲಿ ಇದೇ ತಂಗಡಿ ಚಕ್ಕೆಯಲ್ಲಿ ಹದ ಮಾಡಿದ ಚರ್ಮ ‘ಈಸ್ಟ್ ಇಂಡಿಯಾ ಟ್ಯಾನ್ಡ್’ ಅನ್ನುವ ಹೆಸರಿನಲ್ಲಿ ಹಡಗು ಹತ್ತುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟುಗಳ ಮೇಲ್ಭಾಗ ಆದದ್ದು ಅದೇ ಚರ್ಮ.

ಅಥಣಿ, ನಿಪ್ಪಾಣಿ, ಕೊಲ್ಹಾಪುರದ ಕಡೆ ಇದನ್ನು ಮಾಡುವ ಇನ್ನೊಂದು ರೀತಿ ಇದೆ. ಕೂದಲು ತೆಗೆದ ಇಡೀ ಚರ್ಮವನ್ನೇ ಚೀಲದ ಥರ ಹೊಲಿದು, ಒಳಗೆ ಜಾಲಿ ಚಕ್ಕೆ, ಅಳಲೆಕಾಯಿ, ನೀರು ತುಂಬಿ ಮೇಲಿಂದ ನೇತುಹಾಕುತ್ತಾರೆ. ಒಗರು ನೀರು ಒಳಗಿಂದ ಹೊರಕ್ಕೆ ಜಿನುಗುತ್ತಾ ಚರ್ಮ ಹದವಾಗುತ್ತದೆ. ಜಿನುಗಿದ್ದನ್ನು ಕೆಳಗೆ ಹಿಡಿದು ಮತ್ತೆ ಒಳಗೆ ಸುರಿಯುತ್ತಾರೆ. ಬಾತುಕೊಂಡ, ತಲೆಯಿಲ್ಲದ, ತೊಟ್ಟಿಕ್ಕುವ ಆಕಾರಗಳು ಸಾಲಾಗಿ ತೂಗಾಡುವುದನ್ನು ಒಮ್ಮೆ ಯೋಚಿಸಿ. ಇವತ್ತಿನ ಯಾವುದಾದರೂ ಗ್ಯಾಲರಿಯಲ್ಲಿ ಇಟ್ಟರೆ ಇನ್‌ಸ್ಟಲೇಶನ್ ಅಂತ ಕರೆದು ವೈನ್ ಕೊಡುತ್ತಾರೆ. ವಾಸನೆ ಮಾತ್ರ ಗ್ಯಾಲರಿಯವರು ತಡೆದುಕೊಳ್ಳಲಾರರು.

ಮಜಾ ಏನಂದ್ರೆ, ಹೀಗೆ ಗಿಡದ ಒಗರಿನಲ್ಲಿ ಹದವಾದ ಚರ್ಮಕ್ಕೆ ಒಂದು ಗುಣ ಇದೆ. ಒದ್ದೆ ಮಾಡಿ ಮರದ ಅಚ್ಚಿನ ಮೇಲೆ ಎಳೆದು ಕೂರಿಸಿ ಒಣಗಿಸಿದರೆ ಅದು ಆ ಆಕಾರವನ್ನು ಹಿಡಿದುಕೊಂಡು ಬಿಡುತ್ತದೆ. ಮೇಳದಲ್ಲಿ ನೋಡಿದ ಮೊಟ್ಟೆಯಾಕಾರದ ಬ್ಯಾಗ್ ಸಾಧ್ಯವಾದದ್ದು ಇದರಿಂದ. ನಮ್ಮ ಅಟ್ಟದ ಮೇಲಿನ ಚೀಲ ಎಷ್ಟೋ ವರ್ಷ ಹೊಟ್ಟೆ ಉಬ್ಬಿಸಿಕೊಂಡೇ ಕೂತಿದ್ದದ್ದೂ ಇದರಿಂದ. ಇದೇ ಗುಣ ಬಾವಿಯಲ್ಲಿ ಅವಗುಣ. ದಿನಾ ನೆನೆದು ದಿನಾ ಒಣಗಿದರೆ ಈ ಚರ್ಮದ ಒಗರು ನೀರಿಗೆ ಬಿಟ್ಟುಕೊಳ್ಳುತ್ತದೆ, ಚರ್ಮ ಬಿರಿಯುತ್ತದೆ, ಕೊಳೆಯುತ್ತದೆ. ಹಾಗಾಗಿ ಕಪಿಲೆ ಚೀಲಕ್ಕೆ ಆಗಾಗ ತೇಪೆ, ಕೆಲವು ವರ್ಷಕ್ಕೆ ಹೊಸದು.

ಈ ಸಮಸ್ಯೆಗೆ ತಲೆ ಕೊಟ್ಟ ಒಬ್ಬ ಇಂಜಿನಿಯರ್ ಇದ್ದ, ಆಲ್ಫ್ರೆಡ್ ಚಾಟರ್ಟನ್. ಮದರಾಸಿನಲ್ಲಿ ಇಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದವನು, ಅಲ್ಲಿನ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸಿದವನು. 1884ರಲ್ಲಿ ಅಮೆರಿಕದಲ್ಲಿ ಅಗಸ್ಟಸ್ ಶುಲ್ಟ್ಸ್ ಅನ್ನುವವನು ಕ್ರೋಮಿಯಂ ಲವಣದಿಂದ ಚರ್ಮ ಹದ ಮಾಡುವ ಪೇಟೆಂಟ್ ಪಡೆದಿದ್ದ. ಕ್ರೋಮ್ ಚರ್ಮ ನೀರಿಗೆ ಜಗ್ಗುವುದಿಲ್ಲ, ಕುದಿಯುವ ನೀರನ್ನೂ ತಡೆಯುತ್ತದೆ, ವಾರಗಳ ಕೆಲಸ ದಿನಗಳಲ್ಲಿ ಮುಗಿಯುತ್ತದೆ. 1903ರ ಸುಮಾರಿಗೆ ಚಾಟರ್ಟನ್ ಮದರಾಸಿನಲ್ಲಿ ಕ್ರೋಮ್ ಪ್ರಯೋಗ ಶುರು ಮಾಡಿದ್ದು ಬೂಟಿಗಲ್ಲ, ಪರ್ಸಿಗಲ್ಲ, ಬಾವಿಯಿಂದ ನೀರೆತ್ತುವ ರೈತರ ತೊಗಲಿನ ಚೀಲ ಗಟ್ಟಿಯಾಗಿ ಬಾಳಲಿ ಅಂತ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ದಕ್ಷಿಣ ಭಾರತದ ಆಧುನಿಕ ಚರ್ಮೋದ್ಯಮದ ಕಥೆಯ ಮೊದಲ ಪುಟದಲ್ಲೇ ನಮ್ಮ ಅಟ್ಟದ ಮೇಲಿನ ಪ್ರಾಣಿ ಕೂತಿದೆ!

ಅದೇ ಚಾಟರ್ಟನ್ ಬಾವಿಗಳಿಗೆ ಆಯಿಲ್ ಇಂಜಿನ್ ಪಂಪು ಕೂರಿಸಿ ಅಂತಲೂ ಪ್ರಚಾರ ಮಾಡಿದ. ಅಂದ್ರೆ ಕಪಿಲೆ ಚೀಲಕ್ಕೆ ಆಯಸ್ಸು ಕೊಡಲು ಹೊರಟವನೇ ಅದನ್ನು ಕೊಲ್ಲುವ ಯಂತ್ರವನ್ನೂ ತಂದ. 1912ರಲ್ಲಿ ಅವನು ಮೈಸೂರು ಸಂಸ್ಥಾನಕ್ಕೆ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕನಾಗಿ ಬಂದ, ವಿಶ್ವೇಶ್ವರಯ್ಯ ದಿವಾನರಾದ ವರ್ಷವೇ. ನಮ್ಮ ಕಡೆ ಕಪಿಲೆ ಪೂರ್ತಿ ನಿಂತದ್ದು ಅದಾದ ಎಷ್ಟೋ ಕಾಲಕ್ಕೆ, ಕರೆಂಟ್ ಪಂಪು ಬಂದ ಮೇಲೆ. ಆಮೇಲೆ ಬೋರ್‌ವೆಲ್ ಬಂತು, ಬಾವಿಗಳೇ ಒಣಗಿದವು. ಆ ಕಥೆ ಎಲ್ಲರಿಗೂ ಗೊತ್ತು.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ಇದೊಂದು ಖುಷಿಯ ಲೇಖನ. ನಮ್ಮೂರ ಚೀಲವೂ ಬ್ರಾಂಕೂಸಿಯ ಹಕ್ಕಿಯೂ ಒಂದೇ, ನಮ್ಮ ಹಿರಿಯರೇ ಮಾಡರ್ನಿಸ್ಟರು ಅಂತ ಬರೆದು ಲೈಕ್ ತಗೊಳ್ಳಬಹುದಿತ್ತು. ತೊಂದರೆ ಎಲ್ಲಿ ಅಂದರೆ, ಆ ಚೀಲ ಹೊಲಿದವರು ‘ನಮ್ಮ ಹಿರಿಯರು’ ಅಲ್ಲ. ನಮ್ಮಜ್ಜ ಅದನ್ನು ಬಳಸಿದವನು. ಹೊಲಿದವರು ಮಾದಿಗರ ಕೇರಿಯವರು.

ತುರು ಅಂದರೆ ಹಳಗನ್ನಡದಲ್ಲಿ ದನ. ದನದ ಹೆಸರು ಹೊತ್ತ ಊರಿನಲ್ಲಿ ದನ ಸತ್ತರೆ ಹೊರಬೇಕಾದವರು ಯಾರು ಅನ್ನುವುದು ಹುಟ್ಟಿನಲ್ಲೇ ತೀರ್ಮಾನವಾಗಿತ್ತು. ನಮ್ಮೂರು ಪುಸ್ತಕಗಳಲ್ಲಿ ಬರುವುದು 1939ರ ಅರಣ್ಯ ಸತ್ಯಾಗ್ರಹಕ್ಕೆ. ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಹೆಂಡದ ಈಚಲು ಮರ ಕಡಿದು ಜನ ಜೈಲಿಗೆ ಹೋದರು. ನಮಗೆ ಅದರ ಬಗ್ಗೆ ಹೆಮ್ಮೆ ಇದೆ, ಇರಬೇಕಾದದ್ದೇ. ಮರ ಕಡಿದವರದ್ದು ಇತಿಹಾಸವಾಯಿತು. ಅದೇ ಕಾಲದಲ್ಲಿ ತಂಗಡಿ ಚಕ್ಕೆ ಕುಟ್ಟಿ ಸುಣ್ಣದ ಗುಂಡಿಯಲ್ಲಿ ಕೈ ಸುಟ್ಟುಕೊಂಡವರ ಬಗ್ಗೆ ಯಾವ ಪುಸ್ತಕದಲ್ಲೂ ಒಂದು ಸಾಲು ನಾನು ಕಂಡಿಲ್ಲ.

ನಮ್ಮ ಚೀಲ ಹೊಲಿದ ಅಜ್ಜನನ್ನು ನಾನು ನೋಡಿದ್ದೇನೆ. ಆಗ ಕಪಿಲೆ ನಿಂತು ಎಷ್ಟೋ ವರ್ಷವಾಗಿತ್ತು. ಬಾರುಕೋಲು, ತಮಟೆ, ಚಪ್ಪಲಿ ರಿಪೇರಿ, ಇಷ್ಟೇ ಉಳಿದಿದ್ದ ಕೆಲಸ. ರಂಪಿಗೆಯಿಂದ ಚರ್ಮ ಕೊಯ್ಯುವಾಗ ಅಳತೆ ಇಲ್ಲ, ಗುರುತಿಲ್ಲ, ಕೈ ಒಂದೇ ಸಲಕ್ಕೆ ಸುತ್ತು ಹೊಡೆಯುತ್ತಿತ್ತು. ನಾನು ಅವರನ್ನು ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಿದ್ದೆ. ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಅವರು ಏಳು ವರ್ಷದ ನನ್ನನ್ನು ‘ಗೌಡ್ರೆ’ ಅನ್ನುತ್ತಿದ್ದರು. ಅವರು ಹೊಲಿದ ಚೀಲದ ನೀರನ್ನು ಬಾವಿಯ ಹತ್ತಿರ ಬೊಗಸೆ ಒಡ್ಡಿ ಕುಡಿಯುತ್ತಿದ್ದೆವು ಅಂತ ನಮ್ಮಜ್ಜ ರುಚಿ ನೆನೆಸಿಕೊಂಡು ಹೇಳುತ್ತಿದ್ದ. ಅದೇ ಅಜ್ಜ, ಚೀಲ ಹೊಲಿದವರಿಗೆ ನೀರು ಕೊಡುವಾಗ ಎತ್ತರದಿಂದ ಕೈಗೆ ಸುರಿಯುತ್ತಿದ್ದ. ಚರ್ಮದೊಳಗಿನ ನೀರು ಮೈಲಿಗೆಯಲ್ಲ, ಚರ್ಮ ಹೊಲಿದ ಕೈ ಮೈಲಿಗೆ. ನ್ಯೂಯಾರ್ಕಿನ ಕಸ್ಟಮ್ಸ್ ಆಫೀಸಿನವರಿಗೂ ಇಷ್ಟು ಸೂಕ್ಷ್ಮವಾದ ವರ್ಗೀಕರಣ ಬರುತ್ತಿರಲಿಲ್ಲ.

ಹನ್ನೆರಡನೇ ಶತಮಾನದಲ್ಲೇ ಈ ಪ್ರಶ್ನೆ ಎದ್ದಿತ್ತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯ, ಎಲ್ಲರೂ ಚರ್ಮದ ಕೆಲಸದವರು, ಶರಣರು. ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದರು ಅನ್ನುವ ಕಥೆ ನಮಗೆಲ್ಲ ಬಾಯಿಪಾಠ. ಅದೇ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಏನಾಯಿತು ಅನ್ನುವುದನ್ನು ಸ್ವಲ್ಪ ಮೆಲ್ಲಗೆ ಹೇಳುತ್ತೇವೆ. ಇವತ್ತು ಚಿತ್ರದುರ್ಗದಲ್ಲೇ ಮಾದಾರ ಚೆನ್ನಯ್ಯ ಗುರುಪೀಠ ಇದೆ. ಇನ್ನು 1927ರಲ್ಲಿ, ನ್ಯೂಯಾರ್ಕಿನಲ್ಲಿ ಹಕ್ಕಿ ಕಲೆಯೋ ಪಾತ್ರೆಯೋ ಅನ್ನುವ ವಾದ ನಡೆಯುತ್ತಿದ್ದಾಗ, ಮಹಾಡದಲ್ಲಿ ಅಂಬೇಡ್ಕರ್ ಕೆರೆಯ ನೀರು ಮುಟ್ಟಿದರು. ಸತ್ತ ದನ ಹೊರುವುದನ್ನು, ಅದರ ಮಾಂಸ ತಿನ್ನುವುದನ್ನು ಬಿಡಿ ಅಂತ ತಮ್ಮ ಜನರಿಗೆ ಹೇಳಿದ್ದೂ ಅದೇ ಕಾಲದಲ್ಲಿ.

1976ರಲ್ಲಿ ಕರ್ನಾಟಕ ಸರ್ಕಾರ ಚರ್ಮ ಕುಶಲಕರ್ಮಿಗಳಿಗಾಗಿ ಲಿಡ್ಕರ್ ನಿಗಮ ಶುರು ಮಾಡಿತು. ಜೀತ ಪದ್ಧತಿ ರದ್ದತಿ ಕಾಯ್ದೆಯೂ ಅದೇ ವರ್ಷದ್ದು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಟ್ಯಾಗ್ ಬಂತು, ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಸೇರಿ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಶನ್ ಶೋನಲ್ಲಿ ಅಂಥದ್ದೇ ಚಪ್ಪಲಿಯನ್ನು ಎಲ್ಲಿಯದು ಅಂತ ಹೇಳದೆ ನಡೆಸಿತು. ಗಲಾಟೆಯಾದ ಮೇಲೆ ಮೂಲ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್ಕಾಂ ಮತ್ತು ನಮ್ಮ ಲಿಡ್ಕರ್ ಜೊತೆ ಒಪ್ಪಂದವಾಯಿತು, 2,000 ಜೊತೆ ಮಾಡಿಸಿ ಸುಮಾರು 800 ಯೂರೋಗೆ ಮಾರುವುದು ಅಂತ. ಒಳ್ಳೆಯದೇ. ಹೆಸರು, ದುಡ್ಡು ಎರಡೂ ಮಾಡಿದವರಿಗೆ ತಲುಪಲಿ.

ಇದನ್ನೆಲ್ಲ ಬರೆಯುವ ಮೊದಲು ಆ ಅಜ್ಜನ ಮೊಮ್ಮಗನಿಗೆ ಫೋನ್ ಮಾಡಿದೆ. ಊರಿನ ಸರ್ಕಾರಿ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಈಗ ಅವನೂ ಬೆಂಗಳೂರಿನಲ್ಲೇ ಇದ್ದಾನೆ, ಪೀಣ್ಯದಲ್ಲಿ ಕೆಲಸ. ಬ್ಯಾಗಿನ ಕಥೆ, ಬ್ರಾಂಕೂಸಿ, ತೂತು, ಚಾಟರ್ಟನ್ ಎಲ್ಲ ಉತ್ಸಾಹದಿಂದ ಹೇಳಿದೆ. ನಿಮ್ಮ ತಾತ ಶಿಲ್ಪಿ ಕಣೋ ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನೀನು ಬರಿ, ಬೇಡ ಅನ್ನಲ್ಲ. ಆದ್ರೆ ಆ ಕೆಲಸ ಚೆನ್ನಾಗಿತ್ತು ಅಂತ ಬರೀಬೇಡಪ್ಪ. ಚರ್ಮ ನೆನೆ ಹಾಕಿದ ದಿನ ನಮ್ಮಪ್ಪ ಊಟ ಮಾಡ್ತಿರಲಿಲ್ಲ, ಕೈ ವಾಸನೆ ಹೋಗ್ತಿರಲಿಲ್ಲ. ನಮ್ಮ ತಾತ ಸಾಯೋವಾಗ ಹೇಳಿದ್ದು ಒಂದೇ ಮಾತು, ಈ ಹುಡುಗನ ಕೈಗೆ ರಂಪಿಗೆ ಕೊಡಬೇಡಿ ಅಂತ.’

‘ರಂಪಿಗೆ ಏನ್ ಮಾಡಿದ್ರಿ?’ ಅಂದೆ.

‘ಇದೆ. ನನ್ನ ಹತ್ರನೇ ಇದೆ. ಬಿಸಾಕೋಕೆ ಮನಸ್ಸು ಬರಲಿಲ್ಲ.’ ಆಮೇಲೆ ಕೇಳಿದ, ‘ಆ ಬ್ಯಾಗ್ ಎಷ್ಟಂದೆ?’

‘ಇಪ್ಪತ್ತೆಂಟು ಸಾವಿರ.’

‘ನಮ್ಮ ತಾತ ಚೀಲ ಹೊಲಿದುಕೊಟ್ಟಾಗ ನಿಮ್ಮನೇಲಿ ಎಷ್ಟು ಕೊಟ್ಟಿದ್ರು?’

ನನಗೆ ಗೊತ್ತಿರಲಿಲ್ಲ. ಇಷ್ಟೆಲ್ಲ ಓದಿದವನು ಅದೊಂದನ್ನು ಯಾರನ್ನೂ ಕೇಳಿರಲಿಲ್ಲ. ಕೇಳಿ ಹೇಳ್ತೀನಿ ಅಂತ ಫೋನ್ ಇಟ್ಟು, ಊರಿಗೆ ಅಪ್ಪನಿಗೆ ಮಾಡಿದೆ.

‘ಸುಗ್ಗೀಲಿ ಕಣದ ಹತ್ರ ಬಂದಾಗ ಜೋಳವೋ ರಾಗಿಯೋ ಒಂದಷ್ಟು ಅಳೆದು ಹಾಕ್ತಿದ್ವಿ’ ಅಂದರು ಅಪ್ಪ.

‘ಅದು ವರ್ಷದ ಆಯ ಅಲ್ವಾ ಅಪ್ಪ? ಚೀಲ ಹೊಲಿದಿದ್ದಕ್ಕೆ ಬೇರೆ ಏನು ಕೊಡ್ತಿದ್ರಿ?’

‘ಅದಕ್ಕೆ ಬೇರೆ ಯಾಕೆ ಕೊಡ್ತಾರೆ? ಸತ್ತ ಎತ್ತು ಅವರಿಗೇ ಬಿಡ್ತಿದ್ವಲ್ಲ.’